ದೊಡ್ಡಮ್ಮನ ಪ್ರಾರ್ಥನೆಗೆ ಆಮೆನ್ ಅನ್ನೋರು

ನಮ್ಮ ದೊಡ್ಡಮ್ಮ ಪ್ರಾರ್ಥನೆಗೆ ಅಂತ ಕಣ್ಣು ಮುಚ್ಚಿದರೆ ಸಾಕು, ಹೊಳೆನರಸೀಪುರದ ನಮ್ಮ ಚರ್ಚಿನ ಸಭೆಯವರು ದೇವರಿಗಿಂತ ಹೆಚ್ಚಾಗಿ ಅವಳಿಗೆ ಹೆದರುತ್ತಿದ್ದರು. ಉತ್ಪ್ರೇಕ್ಷೆ ಅಂತೀರಾ? ಒಂದು ಗುರುವಾರ ಹಿರಿಯರ ಸತ್ಯವೇದ ಪಾಠಕ್ಕೆ ಬಂದು ಕೂತಿದ್ದರೆ ಗೊತ್ತಾಗೋದು! ನಾನು ಹಿರಿಯಳೇನಲ್ಲ. ಅವಳನ್ನೂ ದೊಡ್ಡಪ್ಪನನ್ನೂ ಆಟೋ ಹತ್ತಿಸಿ ಇಳಿಸೋಕೆ ಹೋದ ತಪ್ಪಿಗೆ ನನಗೂ ಪ್ರತಿವಾರ ಮುಪ್ಪಿನ ಪಾಠ.

ವಿಷಯ ಏನಪ್ಪಾ ಅಂದರೆ, ನಮ್ಮಲ್ಲಿ ಒಬ್ಬರು ಬಾಯಿಬಿಟ್ಟು ಪ್ರಾರ್ಥನೆ ಮಾಡುವಾಗ ಉಳಿದವರು ಕಣ್ಣು ಮುಚ್ಚಿಕೊಂಡು ಸುಮ್ಮನೆ ಕೇಳಬೇಕು. ನಡುವೆ ಎದುರಾಡುವ ಹಾಗಿಲ್ಲ. ದೊಡ್ಡಮ್ಮನಂಥವಳಿಗೆ ಇದಕ್ಕಿಂತ ಅನುಕೂಲ ಇನ್ನೇನು ಬೇಕು ಹೇಳಿ?

"ಕರ್ತನೇ, ನನ್ ಕುಕ್ಕರ್ ಈಸ್ಕೊಂಡು ಓದ ಸಹೋದರೀನ ನಿನ್ನ ಪಾದಸನ್ನಿಧಿಗೆ ತತ್ತೀನಿ. ಅವಳಿಗೆ ಜ್ಞಾಪಕಶಕ್ತಿ ದಯಪಾಲಿಸು ಸ್ವಾಮಿ. ಮುಚ್ಚಳದ ರಬ್ಬರ್ ಸಮೇತ ದಯಪಾಲಿಸು!"

ಕುಕ್ಕರ್ ಅವತ್ತು ಸಂಜೆಯೇ ಮನೆಗೆ ಬಂತು, ರಬ್ಬರ್ ಸಮೇತ. ದೇವರು ಕೇಳಿಸಿಕೊಂಡನೋ ಇಲ್ಲವೋ, ಸಹೋದರಿಯಂತೂ ಕೇಳಿಸಿಕೊಂಡಿದ್ದಳು.

ಅವಳನ್ನು ನಿಲ್ಲಿಸುವ ಶಕ್ತಿ ಇದ್ದದ್ದು ದೊಡ್ಡಪ್ಪ ಒಬ್ಬರಿಗೇ. ಹಾಸನದಿಂದ ಅರಕಲಗೂಡಿಗೆ ಓಡಾಡುವ ಬಸ್ಸಿನಲ್ಲಿ ಕಂಡಕ್ಟರಾಗಿದ್ದವರು. ಮಾತು ಕಮ್ಮಿ. ಗಂಡಸರ ಸಾಲಿನಲ್ಲಿ ಕೂತಿದ್ದು, ಇನ್ನು ಸಾಕು ಅನ್ನಿಸಿದಾಗ, ಬಸ್ಸು ನಿಲ್ಲಿಸೋಕೆ 'ಹೋಲ್ಡಾನ್' ಅಂತ ಕೂಗುತ್ತಿದ್ದ ಅದೇ ರಾಗದಲ್ಲಿ "ಆಮೇ...ನ್!" ಅನ್ನೋರು. ಅವರ ಹಿಂದೆಯೇ ನಾವೆಲ್ಲ, ಸದ್ಯ ಬದುಕಿದೆವು ಅಂತ, ಆಮೆನ್ ಅನ್ನುತ್ತಿದ್ದೆವು. ದೊಡ್ಡಮ್ಮ ಎಲ್ಲಿದ್ದರೆ ಅಲ್ಲೇ ನಿಂತುಬಿಡೋಳು. ತನ್ನ ಪ್ರಾರ್ಥನೆಗೆ ತಾನೇ ಆಮೆನ್ ಅಂದದ್ದನ್ನು ನಾನಂತೂ ಕೇಳಿಲ್ಲ. ಆ ಕೆಲಸ ಯಾವತ್ತೂ ಗಂಡನದೇ. ಆಮೇಲೆ ಆಟೋದಲ್ಲಿ ಶುರು:

"ನಂದಿನ್ನೂ ಮುಗ್ದಿರ್ಲಿಲ್ಲ ಕಣ್ರೀ, ಯಾಕ್ರೀ ನಿಲ್ಸುದ್ರಿ?"

"ಇಳಿಯೋರು ಇದ್ರು ಕಣೇ."

ಚನ್ನರಾಯಪಟ್ಟಣದಿಂದ ನಮ್ಮ ಸಭೆಗೆ ವರ್ಗವಾಗಿ ಬಂದ ಪಾಸ್ಟರ್ ಅಯ್ಯನವರು ಎಳೇ ವಯಸ್ಸಿನವರು. "ವಯಸ್ಸಾದ ಮೇಲೆ ಮೌನವೇ ಪ್ರಾರ್ಥನೆ. ಒಂದೊಂದನ್ನೇ ದೇವರ ಕೈಗೆ ಬಿಟ್ಟುಕೊಡೋದನ್ನ ಕಲಿಯಬೇಕು" ಅಂತ ಬಹಳ ಚೆನ್ನಾಗಿ ಪಾಠ ಮಾಡಿದರು. ಮಾಡಿ, ಪಾಪ, ಮುಗಿಸುವ ಪ್ರಾರ್ಥನೆಗೆ ದೊಡ್ಡಮ್ಮನನ್ನೇ ಕರೆಯಬೇಕೇ!

"ಕರ್ತನೇ, ನಮ್ ಅಯ್ಯನೋರ್ಗೆ ಮುಪ್ಪಿನ ವಿಷ್ಯ ಬಾಳ ಚೆನ್ನಾಗಿ ಗೊತ್ತದೆ. ಅವರ ತಲೇಲಿ ಒಂದಾದ್ರೂ ಬಿಳೀ ಕೂದ್ಲು ಕೊಟ್ಟು ಆ ಮಾತನ್ನ ಸ್ಥಿರಪಡಿಸು..."

"ಆಮೇ...ನ್!" ದೊಡ್ಡಪ್ಪ ಅವತ್ತು ಬೇಗ ಇಳಿಸಿದರು.

ಆಮೇಲೆ ಅವರಿಗೆ ಸ್ಟ್ರೋಕ್ ಆಯಿತು. ಹಾಸನದ ಆಸ್ಪತ್ರೆಯಿಂದ ವಾಪಸ್ ಬಂದಾಗ ಬಲಗೈ ಬಿದ್ದುಹೋಗಿತ್ತು, ಮಾತು ನಿಂತುಹೋಗಿತ್ತು. ಹೆಂಡತಿಯ ಹೆಸರು ಕೂಡ ಬಾಯಿಗೆ ಬರಲಿಲ್ಲ. ಉಳಿದದ್ದು ಒಂದೇ ಒಂದು ಮಾತು. ಎದುರಿಗೆ ಯಾರಾದರೂ ಪ್ರಾರ್ಥನೆ ಮಾಡಿದರೆ ಕೊನೆಗೆ ಸಣ್ಣಗೆ "ಆಮೆನ್" ಅನ್ನೋರು. ನಾಲಿಗೆಗೆ ರೂಢಿಯಾದದ್ದು ಕೆಲವರಿಗೆ ಹಾಗೆ ಉಳಿಯುತ್ತೆ ಅಂದರು ಡಾಕ್ಟರು.

ಅಷ್ಟು ಸಿಕ್ಕಿದ ಮೇಲೆ ದೊಡ್ಡಮ್ಮ ಬಿಟ್ಟಾಳಾ? ಅವತ್ತಿಂದ ಮನೆಯ ಮಾತೆಲ್ಲ ಪ್ರಾರ್ಥನೆಯಾಯಿತು!

"ಕರ್ತನೇ, ಉಳ್ಳಿಕಾಳು ಬಸ್ಸಾರು ಮಾಡಿವ್ನಿ. ಇವ್ರು ಇನ್ನೊಂದ್ ತುತ್ತು ಮುದ್ದೆ ನುಂಗ್ಲಿ."

"ಆಮೆನ್."

"ಕರ್ತನೇ, ಗಡ್ಡ ಹೆರೆಯೋವಾಗ ಇವ್ರು ಮಕ ಅತ್ತಿತ್ತ ತಿರುಗಿಸ್ದೆ ಇರ್ಲಿ."

"ಆಮೆನ್."

"ನಿಮ್ ದೊಡ್ಡಮ್ಮಂಗೆ ಭಕ್ತಿ ವಿಪರೀತ ಆಗ್ಬುಟ್ಟದೆ ಕಣವ್ವ" ಅಂದರು ಪಕ್ಕದ ಮನೆಯವರು. ಯಾವ ಭಕ್ತಿ! ಗಂಡನ ಬಾಯಿಂದ ಒಂದು ಮಾತು ಕೇಳಬೇಕು ಅನ್ನೋ ಹಟ. ಅಡುಗೆಮನೆ ಬಾಗಿಲಲ್ಲಿ ನಿಂತು ಕೇಳುವಾಗ ನಗೂನೂ ಬರೋದು, ನಕ್ಕರೆ ತಪ್ಪು ಅಂತಾನೂ ಅನ್ನಿಸೋದು.

ದೊಡ್ಡಪ್ಪ ದಿನದಿನಕ್ಕೆ ಇಳಿದುಹೋದರು. ಗಂಜಿಯೂ ಗಂಟಲಲ್ಲಿ ನಿಲ್ಲುತ್ತಿತ್ತು. ಪಾಸ್ಟರ್ ನೋಡೋಕೆ ಬಂದು, ಹಾಸಿಗೆಯ ಪಕ್ಕ ಮೊಣಕಾಲೂರಿ, ಅವರ ಹಣೆಯ ಮೇಲೆ ಕೈಯಿಟ್ಟರು. "ತಂದೆಯೇ, ನಿನ್ನ ಚಿತ್ತವಾದರೆ ಈ ನಿನ್ನ ಸೇವಕನನ್ನು ಸಮಾಧಾನದಿಂದ ನಿನ್ನ ಬಳಿಗೆ ಕರೆದುಕೋ..."

"ಆಮೇ...ನ್!"

ಹಳೇ ರಾಗ! ಕಾಯಿಲೆ ಬಿದ್ದಾಗಿನಿಂದ ಅಷ್ಟು ಗಟ್ಟಿಯಾಗಿ ಕೇಳೇ ಇರಲಿಲ್ಲ. ದೊಡ್ಡಮ್ಮ ಕಾಫಿ ಲೋಟ ಕುಕ್ಕಿ ಇಟ್ಟು, ಕಣ್ಣು ಕೂಡ ಮುಚ್ಚದೆ ಶುರುಮಾಡಿದಳು.

"ಕರ್ತನೇ! ಇವ್ರು ಈಗಂದಿದ್ನ ಲೆಕ್ಕಕ್ಕೆ ತಗೋಬ್ಯಾಡ! ಇವರ್ಗೆ ಏನೂ ಅರ್ಥ ಆಗಕಿಲ್ಲ, ಯಾರೇನಂದ್ರೂ ಅಂಗೇ ಅಂತಾರೆ. ಅಯ್ಯನೋರ್ಗೂ ಒಸಿ ಬುದ್ಧಿ ಕೊಡು. ಇವ್ರು ಇಲ್ಲೇ ಇರ್ಲಿ. ಮಾತಾಡ್ದೆ ಇದ್ರೂ ಇರ್ಲಿ, ನನ್ ಗುರ್ತು ಸಿಗ್ದೆ ಇದ್ರೂ ಇರ್ಲಿ..."

ನಿಲ್ಲಿಸಿ ಕಾದಳು. ನನಗೆ ಬಂದಿದ್ದ ನಗು ಅಲ್ಲೇ ಸತ್ತುಹೋಯಿತು. ದೊಡ್ಡಪ್ಪ ಅವಳ ಮುಖವನ್ನೇ ನೋಡುತ್ತಾ ಮಲಗಿದ್ದರು. ಆಮೆನ್ ಅನ್ನಲಿಲ್ಲ.

"ಅನ್ರೀ" ಅಂದಳು. "ಒಂದ್ಸಲ ಅನ್ರೀ."

ಅವರ ಎಡಗೈ ನಿಧಾನಕ್ಕೆ ಬಂದು ಅವಳ ಕೈ ಮೇಲೆ ಕೂತಿತು, ಅಷ್ಟೇ. ಯಾವುದಕ್ಕೆ ಆಮೆನ್ ಅನ್ನಬೇಕು, ಯಾವುದಕ್ಕೆ ಅನ್ನಬಾರದು ಅಂತ ಅವರಿಗೆ ಗೊತ್ತಿತ್ತು. ಅದು ದೊಡ್ಡಮ್ಮನಿಗೂ ಗೊತ್ತಾಯಿತು. ಆ ವಾರ ಕಳೆಯುವುದರೊಳಗೆ ದೊಡ್ಡಪ್ಪ ಹೋಗಿಬಿಟ್ಟರು.

ಆಮೇಲೆ ದೊಡ್ಡಮ್ಮ ಗುರುವಾರದ ಪಾಠಕ್ಕೆ ಬರೋಳು, ಕೂರೋಳು, ಬಾಯಿ ಬಿಡುತ್ತಿರಲಿಲ್ಲ. ಮೌನ! ಪಾಸ್ಟರ್ ಕಲಿಸಿದ್ದು ಅದನ್ನೇ ತಾನೇ? ಆದರೆ ಅದನ್ನು ತಡೆಯಲಾರದೆ ಹೋದವರೂ ಅವರೇ. ಹೋದ ವಾರ ಪಾಠ ಮುಗಿದ ಮೇಲೆ, "ಅಮ್ಮಾ, ಇವತ್ತು ನೀವು ಪ್ರಾರ್ಥನೆ ಮಾಡಬೇಕು" ಅಂತ ಕೇಳಿಕೊಂಡರು.

ದೊಡ್ಡಮ್ಮ ಎದ್ದು ನಿಂತಳು. ತಲೆಯ ಮೇಲೆ ಸೆರಗು ಎಳೆದುಕೊಂಡು 'ಕರ್ತನೇ' ಅಂದಳು. ಆಮೇಲೆ ಹಳ್ಳಿಮೈಸೂರಿನಿಂದ ಬರುವ ಅಜ್ಜಿಯ ಮಂಡಿನೋವು ಬಂತು, ಪಾಸ್ಟರಿಗೆ ಇನ್ನೂ ಹುಟ್ಟದ ಬಿಳೀ ಕೂದಲು ಬಂತು, ಕುಕ್ಕರಿನ ಸಹೋದರಿಯೂ ಬಂದಳು. ನಮಗೆಲ್ಲ ಹೋದ ಜೀವ ಬಂದಂತಾಯಿತು. ಬೈಸಿಕೊಳ್ಳೋಕೂ ಇಷ್ಟು ಆಸೆಯಿರುತ್ತೆ ಅಂತ ಯಾರಿಗೆ ಗೊತ್ತಿತ್ತು!

ಹೇಳುತ್ತಾ ಹೇಳುತ್ತಾ ಮಾತು ಮುಗಿಯಿತು. ಅಂದದ್ದನ್ನೇ ಇನ್ನೊಂದು ಸಲ ಅಂದಳು. ಆಮೇಲೆ ಸುಮ್ಮನೆ ನಿಂತಳು. ನಾವೂ ಕಣ್ಣು ಮುಚ್ಚಿಕೊಂಡೇ ಕೂತೆವು. ಗಂಡಸರ ಸಾಲಿನಲ್ಲಿ ಯಾರೋ ಗಂಟಲು ಸರಿಮಾಡಿಕೊಂಡರು, ಆದರೆ ಆಮೆನ್ ಅನ್ನುವ ಧೈರ್ಯ ಯಾರಿಗೂ ಬರಲಿಲ್ಲ.

"ಇನ್ನೂ ಸ್ವಲ್ಪ ಹೇಳಿ ಅಮ್ಮಾ" ಅಂದರು ಪಾಸ್ಟರ್, ಮೆಲ್ಲಗೆ.

ನಾನು ಕಣ್ಣು ಬಿಟ್ಟೆ. ದೊಡ್ಡಮ್ಮ ಗಂಡಸರ ಸಾಲಿನ ಕಡೆಗೇ ನೋಡುತ್ತಿದ್ದಳು.

"ಏನಂತ ಹೇಳ್ಲಪ್ಪಾ" ಅಂದಳು. "ನಿಲ್ಸೋರೇ ಇಲ್ವಲ್ಲ."