ಮೂಲಂಗಿ ಸೊಪ್ಪಿನ ಡಬ್ಬಿ

ಬೆಳಗ್ಗೆ ಎದ್ದವನು ಮುಖ ಕೂಡ ತೊಳೆಯದೆ ಅಡುಗೆಮನೆಯ ನೆಲ ಒರೆಸುತ್ತ ಕುಳಿತಿದ್ದ. ಫ್ರಿಜ್ಜಿನ ಅಡಿಯಿಂದ ನೀರು ಹೊರಟು, ಒಲೆ ಕಟ್ಟೆಯ ಬುಡ ಸುತ್ತಿಕೊಂಡು, ಬಾಗಿಲ ಕಡೆಗೆ ದಾರಿ ಹುಡುಕುತ್ತಿತ್ತು. ಒರೆಸಿದ, ಬಕೆಟ್ಟಿಗೆ ಹಿಂಡಿದ, ಮತ್ತೆ ಒರೆಸಿದ. ಬಟ್ಟೆ ನೆಲಕ್ಕೆ ಉಜ್ಜುವ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಹೆಂಡತಿ ಹೋದ ಮೇಲೆ ಆ ಮನೆಯಲ್ಲಿ ಗೊಣಗುವ ಜೀವ ಅಂತ ಉಳಿದಿದ್ದು ಫ್ರಿಜ್ಜೊಂದೇ. ಈಗ ಅದೂ ಬಾಯಿ ಮುಚ್ಚಿಕೊಂಡಿದೆ ಅನ್ನುವುದು ಅವನಿಗೆ ಹೊಳೆಯಲು ಸ್ವಲ್ಪ ಹೊತ್ತು ಬೇಕಾಯಿತು.

ಹೊಳೆದ ಕೂಡಲೇ ಬಟ್ಟೆ ಎಸೆದು ಮೇಲಿನ ಐಸಿನ ಖಾನೆ ತೆಗೆದ. ಐಸು ಕರಗಿ ಗೋಡೆಗಳೆಲ್ಲ ಬೆವರುತ್ತಿದ್ದವು. ನಡುವೆ ಒಂದು ಹಳದಿ ಡಬ್ಬಿ. ಮುಚ್ಚಳದ ಮೇಲೆ ಗಾಯಕ್ಕೆ ಹಾಕುವ ಬಿಳಿ ಪಟ್ಟಿ, ಅದರ ಮೇಲೆ ಪೆನ್ಸಿಲಿನಲ್ಲಿ ಹೆಂಡತಿಯ ಉರುಟು ಅಕ್ಷರ: ಮೂಲಂಗಿ ಸೊಪ್ಪು.

ಇವನು ಆಸ್ಪತ್ರೆಯಲ್ಲಿ ಹಾಸಿಗೆ ಬಟ್ಟೆಗಳ ಕೋಣೆ ನೋಡಿಕೊಳ್ಳುವವನು. ಅಲ್ಲಿ ಎಲ್ಲರೂ ಕರೆಯುವುದು ಸಪ್ಪೆರಾಯ ಅಂತ. ಹೆಸರು ಬರಲು ಕಾರಣ ಅವನ ಊಟದ ಬುತ್ತಿ. ರಕ್ತದೊತ್ತಡ ಅಂತ ಡಾಕ್ಟರು ಹೇಳಿದ ದಿನದಿಂದ ಹೆಂಡತಿ ಮನೆಯಲ್ಲಿ ಉಪ್ಪನ್ನು ಕಣ್ಮರೆ ಮಾಡಿಬಿಟ್ಟಿದ್ದಳು. ಆಯಾ ಕಾಲಕ್ಕೆ ಮಾರ್ಕೆಟ್ಟಿನಲ್ಲಿ ಯಾವ ತರಕಾರಿ ರಾಶಿ ಬೀಳುತ್ತದೋ ಅದನ್ನೇ ಚೀಲ ತುಂಬ ತರುವುದು, ಬೇಯಿಸುವುದು, ಮಿಕ್ಕಿದ್ದನ್ನು ಡಬ್ಬಿಗೆ ಹಾಕಿ ಪಟ್ಟಿ ಅಂಟಿಸಿ ಐಸಿನಲ್ಲಿಡುವುದು. ಕುಂಬಳಕಾಯಿ ಕಾಲದಲ್ಲಿ ಅವನು ಕನಸಿನಲ್ಲೂ ಕುಂಬಳಕಾಯಿ ತಿಂದ. ಬಟಾಣಿ ಕಾಲದಲ್ಲಿ ಸಿಪ್ಪೆ ಸುಲಿದು ಸುಲಿದು ಅವನ ಹೆಬ್ಬೆರಳು ಹಸಿರಾಗಿತ್ತು. ಎಲ್ಲಕ್ಕೂ ಒಂದೇ ರುಚಿ, ಅಂದರೆ ರುಚಿಯೇ ಇಲ್ಲ.

ನೆಂಟರು ಬಂದಾಗ ಮಾತ್ರ ಅವಳು ಎಲ್ಲಿಂದಲೋ ಒಂದು ಚಿಟಿಕೆ ಉಪ್ಪು ತೆಗೆಯುತ್ತಿದ್ದಳು. ಅದಕ್ಕೆ ಮೊದಲು, "ಮೇಲೆ ಒಣಹಾಕಿದ ಬಟ್ಟೆ ಹಾರಿ ಹೋಯ್ತೇನೋ ನೋಡ್ಬನ್ನಿ" ಅಂತ ಅವನನ್ನು ಮಾಳಿಗೆಗೆ ಅಟ್ಟುವಳು. ಅವನು ಇಳಿದು ಬರುವಷ್ಟರಲ್ಲಿ ಉಪ್ಪು ಪಾತ್ರೆಯೊಳಗೆ ಸೇರಿ, ಅವಳು ಏನೂ ತಿಳಿಯದವಳಂತೆ ಸೌಟು ಆಡಿಸುತ್ತಿರುವಳು. ಅವಳಿಲ್ಲದ ಹೊತ್ತು ನೋಡಿ ಅವನು ಅಕ್ಕಿ ಡಬ್ಬ, ಹಾಸಿಗೆ ಅಡಿ, ಚಳಿಗಾಲದ ಕಾಲುಚೀಲ, ಎಲ್ಲ ಜಾಲಾಡಿದ್ದ. ಸಿಗಲಿಲ್ಲ. ಅವಳು ಆ ಗುಟ್ಟು ಹೇಳದೆಯೇ ಹೋದಳು.

ಹೋದ ಮೇಲೆ ಅವನು ಅವಳ ಡಬ್ಬಿಗಳನ್ನು ಒಂದೊಂದಾಗಿ ಇಳಿಸಿ ತಿಂದ. ಬೀನ್ಸು ತಿಂದ, ಸೋರೆಕಾಯಿ ತಿಂದ, ಹಿಂದೆ ಮುಖ ಸಿಂಡರಿಸುತ್ತಿದ್ದ ಕುಂಬಳಕಾಯಿಯನ್ನೂ ತಟ್ಟೆ ಕೆರೆದು ತಿಂದ. ಮೂಲಂಗಿ ಸೊಪ್ಪು ಮಾತ್ರ ಉಳಿಯಿತು. ಅದರ ಘಾಟು ಅವನಿಗೆ ಹುಟ್ಟಿನಿಂದಲೇ ಆಗದು. "ಅದನ್ನ ದನಕ್ಕೆ ಹಾಕು" ಅಂತ ಅವಳ ಎದುರೇ ಹೇಳಿದ್ದ. ಬೇಡದ್ದು ಕೊನೆಗುಳಿಯಿತು, ಕೊನೆಯದಾದ್ದರಿಂದ ಮುಟ್ಟಲು ಕೈ ಬಾರದಾಯಿತು. ಮುಚ್ಚಳ ಒತ್ತಿದ್ದು ಅವಳ ಅಂಗೈ, ರಬ್ಬರ್ ಬ್ಯಾಂಡು ಹಾಕಿದ್ದು ಅವಳ ಬೆರಳು. ತಿಂದುಬಿಟ್ಟರೆ ಅವಳ ಕೈಯಡುಗೆ ಲೋಕದಲ್ಲೇ ಮುಗಿದಂತೆ.

ರಿಪೇರಿಯವನು ಬಂದು ಫ್ರಿಜ್ಜಿನ ಬೆನ್ನಿಗೆ ಕಿವಿಯಿಟ್ಟು, ಎದ್ದು ನಿಂತು, ಕೈ ಒರೆಸಿಕೊಂಡ.

"ಹೋಗ್ಬಿಟ್ಟಿದೆ."

"ಏನೂ ಮಾಡೋಕಾಗಲ್ವಾ?"

"ವಯಸ್ಸಾಗಿತ್ತಲ್ಲ ಸಾರ್. ನರಳದೆ ಹೋಗಿದೆ, ಪುಣ್ಯ ಮಾಡಿತ್ತು ಅನ್ಕೊಳ್ಳಿ."

ಆ ಮಾತು ಮುಗಿಯುವ ಮೊದಲೇ ಕೆಳಮನೆಯ ನರ್ಸಮ್ಮ ಒಳಗೆ ಬಂದಾಗಿತ್ತು. ಕೆಲಸದಿಂದ ನಿವೃತ್ತಿಯಾದರೂ ಆಕೆ ರೋಗಿಗಳಿಂದ ನಿವೃತ್ತಿಯಾಗಿರಲಿಲ್ಲ. ಹೆಂಡತಿಗೆ ಉಪ್ಪು ಬಿಡಿಸುವ ಬುದ್ಧಿ ಹೇಳಿಕೊಟ್ಟವಳೇ ಈಕೆ. ಅವಳು ತೀರಿಕೊಂಡ ಮೇಲೆ ಬೀದಿ ತುದಿಯ ಅಂಗಡಿಯವನಿಗೆ, ಈ ಮನುಷ್ಯನಿಗೆ ಉಪ್ಪು ಮಾರಿದರೆ ನೋಡು ಅಂತ ಎಚ್ಚರಿಸಿ ಬಂದವಳೂ ಈಕೆಯೇ. ಅಂಗಡಿಯವನಿಗೆ ಸಕ್ಕರೆ ಕಾಯಿಲೆ ಇತ್ತು, ಇಂಜೆಕ್ಷನ್ ಈಕೆಯೇ ಚುಚ್ಚಬೇಕಿತ್ತು. ಹಾಗಾಗಿ ಅವನು ವಿಧೇಯನಾಗಿದ್ದ.

"ಕರಗಿದ ಸೊಪ್ಪು ವಿಷ ಕಣಪ್ಪ ತಮ್ಮ," ಅಂದಳು ನರ್ಸಮ್ಮ, ಅವನ ಕೈಯಲ್ಲಿದ್ದ ಡಬ್ಬಿಯ ಪಟ್ಟಿ ಓದಿ. "ಕೊಡಿಲ್ಲಿ, ಬಿಚ್ಚಿ ಮೂಸಿ ನೋಡ್ತೀನಿ."

"ಬೇಡಕ್ಕ."

"ಬೇಡ ಅಂದ್ರೆ? ನಾಳೆ ಹೊಟ್ಟೆ ಹಿಡ್ಕೊಂಡು ನನ್ ಬಾಗ್ಲಿಗೇ ಬರ್ತೀಯ. ಹೊಸದಾಗಿ ಕೋಸು ಬೇಯಿಸಿಟ್ಟಿದೀನಿ, ಅದು ತಿನ್ನು. ಕಾಲಕ್ಕೆ ತಕ್ಕ ಊಟ ಮಾಡ್ಬೇಕು, ಕಳೆದ ಕಾಲದ್ದಲ್ಲ."

ಆಕೆಯ ಕೈ ಡಬ್ಬಿಯ ಕಡೆಗೆ ಬಂತು. ಇಂಜೆಕ್ಷನ್ ಚುಚ್ಚಿ ಪಳಗಿದ ಕೈ, ಗುರಿ ತಪ್ಪುವಂಥದ್ದಲ್ಲ. ಸಪ್ಪೆರಾಯ ಡಬ್ಬಿಯನ್ನು ಟವೆಲಿನಲ್ಲಿ ಸುತ್ತಿ, ಎಳೆಗೂಸಿನಂತೆ ಎದೆಗವಚಿಕೊಂಡು ಮೆಟ್ಟಿಲಿಳಿದ. ಅಂಗಿಯ ಗುಂಡಿ ಹಾಕಿಕೊಂಡಿದ್ದು ಬಸ್ಸಿನಲ್ಲಿ.

ಬಸ್ಸಿನಲ್ಲಿ ಯಾರೋ ಎದ್ದು ಸೀಟು ಬಿಟ್ಟುಕೊಟ್ಟರು. "ಎಷ್ಟು ತಿಂಗಳು?" ಅಂತ ಪಕ್ಕದ ಮುದುಕಿ ಟವೆಲಿನೊಳಗೆ ಇಣುಕಿದಳು. ಹಳದಿ ಮುಚ್ಚಳ ಕಂಡು ಕತ್ತು ಹಿಂದೆಳೆದುಕೊಂಡಳು. ಅವನು ಡಬ್ಬಿಯನ್ನು ಕಿವಿಯ ಹತ್ತಿರ ಹಿಡಿದು ಕುಲುಕಿದ. ನೀರಿನ ಸದ್ದಿಲ್ಲ. ಇನ್ನೂ ಕರಗಿಲ್ಲ ಅಂತ ಉಸಿರುಬಿಟ್ಟ. ಮುದುಕಿ ಎದ್ದು ಬೇರೆ ಕಡೆ ಹೋಗಿ ನಿಂತಳು.

ಆಸ್ಪತ್ರೆಯಲ್ಲಿ ತಂಪು ಅಂತ ಇದ್ದದ್ದು ಎರಡೇ ಕಡೆ. ಔಷಧಿ ಕೋಣೆಯ ಬೀಗ ಅವನಿಗೆ ದಕ್ಕುವಂಥದ್ದಲ್ಲ. ಇನ್ನೊಂದು ಶವಾಗಾರ. ಅಲ್ಲಿನ ಕಾವಲಿನವನನ್ನು ತಣ್ಣಗಣ್ಣ ಅನ್ನುತ್ತಿದ್ದರು. ದಿನಾ ಮಧ್ಯಾಹ್ನ ಇಬ್ಬರೂ ಒಟ್ಟಿಗೆ ಬುತ್ತಿ ಬಿಚ್ಚುವವರು, ಯಾಕೆಂದರೆ ತಣ್ಣಗಣ್ಣನ ಪಕ್ಕ ಕೂತು ಉಣ್ಣಲು ಬೇರೆ ಯಾರೂ ಒಪ್ಪುತ್ತಿರಲಿಲ್ಲ.

"ಇಲ್ಲಿ ಇಟ್ಟಿದ್ದನ್ನ ಯಾರೂ ವಾಪಸ್ ಮನೇಗೆ ತಗೊಂಡು ಹೋಗಿದ್ದಿಲ್ಲ ಮಾರಾಯ," ಅಂದ ತಣ್ಣಗಣ್ಣ.

"ಸಂಜೆವರೆಗೆ ಅಷ್ಟೇ. ಆಮೇಲೆ ಏನಾದ್ರೂ ದಾರಿ ನೋಡ್ತೀನಿ."

"ಏನಿದೆ ಅದ್ರಲ್ಲಿ?"

"ಮೂಲಂಗಿ ಸೊಪ್ಪು."

ತಣ್ಣಗಣ್ಣ ಅವನ ಮುಖ ನೋಡಿದ. ಸತ್ತವರ ಮುಖ ನೋಡಿ ನೋಡಿ ಅವನಿಗೆ ಬದುಕಿದವರ ಮುಖ ಬೇಗ ಅರ್ಥವಾಗುತ್ತಿತ್ತು. ಹೆಚ್ಚು ಕೇಳದೆ ಕೆಳಗಿನ ಒಂದು ಖಾನೆ ಎಳೆದ. ಹಿಂದಿನ ದಿನ ತೀರಿಕೊಂಡ ಮುದುಕನೊಬ್ಬ ಅಲ್ಲಿದ್ದ. "ಯಜಮಾನ್ರೇ, ಸ್ವಲ್ಪ ಕಾಲು ಸರಿಸ್ತೀನಿ," ಅಂದು, ಅವನ ಪಾದಗಳ ಪಕ್ಕದಲ್ಲಿ ಡಬ್ಬಿ ಇಟ್ಟ. "ಇವರು ಮುಟ್ಟಲ್ಲ ಬಿಡು. ನಂಬಿಕಸ್ತರು."

ಮುದುಕ ಮುಟ್ಟಲಿಲ್ಲ. ತೊಂದರೆ ಬಂದದ್ದು ಶವಾಗಾರದ ನಿಯಮದಿಂದ. ಖಾನೆಯಲ್ಲಿ ಏನಿದೆಯೋ ಅದೆಲ್ಲ ಶವದ ಜೊತೆ ಮನೆಯವರಿಗೆ ಹೋಗಬೇಕು: ಕನ್ನಡಕ, ಹಲ್ಲಿನ ಸೆಟ್ಟು, ಚಪ್ಪಲಿ, ಯಾವುದೂ ಹಿಂದುಳಿಯಬಾರದು. ತಣ್ಣಗಣ್ಣ ಚಹಾ ಕುಡಿಯಲು ಹೋದಾಗ ಬದಲಿಯವನು ಬಂದ. ಅವನು ಹೊಸಬ, ನಿಯಮವೆಂದರೆ ಪ್ರಾಣ. ಮುದುಕನ ಮಕ್ಕಳು ಬಂದರು, ಮುದುಕನನ್ನು ಕೊಟ್ಟ, ಡಬ್ಬಿಯನ್ನೂ ಕೊಟ್ಟ.

ಊಟದ ಹೊತ್ತಿಗೆ ಸಪ್ಪೆರಾಯ ಶವಾಗಾರಕ್ಕೆ ಬಂದಾಗ ತಣ್ಣಗಣ್ಣ ಖಾಲಿ ಖಾನೆಯ ಮುಂದೆ ತಲೆ ಕೆರೆಯುತ್ತ ನಿಂತಿದ್ದ.

"ಎಲ್ಲಿ?"

"ಮಣ್ಣಿಗೆ ಹೋಯ್ತು ಮಾರಾಯ. ಅಂದ್ರೆ, ಹೊರಟಿದೆ. ಓಡು."

ಕೊಳೆ ಬಟ್ಟೆ ಒಯ್ಯುವ ವ್ಯಾನು ಅದೇ ದಾರಿಯಲ್ಲಿ ಹೋಗುತ್ತಿತ್ತು. ಸಪ್ಪೆರಾಯ ಹಿಂದೆ ಹತ್ತಿ ಹಾಸಿಗೆ ಬಟ್ಟೆಗಳ ಗಂಟುಗಳ ನಡುವೆ ಕುಳಿತ. ಅವನ ಹೆಂಡತಿಯ ಕೊನೆಯ ವಾರದ ಹಾಸಿಗೆ ಬಟ್ಟೆಗಳೂ ಇದೇ ವ್ಯಾನಿನಲ್ಲಿ ಹೋಗಿದ್ದವು. ಅದನ್ನು ನೆನೆಯಬಾರದು ಅಂತ ತಿರುವುಗಳಲ್ಲಿ ಗಂಟುಗಳನ್ನು ಗಟ್ಟಿಯಾಗಿ ಹಿಡಿದುಕೊಂಡ.

ಸ್ಮಶಾನದಲ್ಲಿ ಗುಂಡಿಯ ಅಂಚಿನಲ್ಲಿ ಪೆಟ್ಟಿಗೆ ಇಟ್ಟಿದ್ದರು. ಮುದುಕನ ಇಬ್ಬರು ಗಂಡುಮಕ್ಕಳು ಹಳದಿ ಡಬ್ಬಿ ಹಿಡಿದು ತಕರಾರು ಮಾಡುತ್ತಿದ್ದರು.

"ಅಪ್ಪಂದೇ ಇರ್ಬೇಕು. ಒಳಗೆ ಇಟ್ಬಿಡೋಣ."

"ಅಪ್ಪಂದು ಹೇಗಾಗತ್ತೆ? ಮೂಲಂಗಿ ಸೊಪ್ಪು ಅಂತ ಬರ್ದಿದೆ. ಜನ್ಮದಲ್ಲಿ ಸೊಪ್ಪು ಮುಟ್ಟಿದೋನಲ್ಲ. ಮುಟ್ಟಿದ್ರೆ ಇಷ್ಟು ಬೇಗ ಯಾಕೆ ಹೋಗ್ತಿದ್ದ?"

"ಮಣ್ಣು ಮಾಡೋ ದಿನಾನಾದ್ರೂ ಬೈಯೋದು ಬಿಡು. ಬಿಚ್ಚಿ ನೋಡಿದ್ರಾಯ್ತು."

ಹಿರಿಯವನು ರಬ್ಬರ್ ಬ್ಯಾಂಡಿಗೆ ಬೆರಳು ಹಾಕಿ ಎಳೆದ.

"ಬಿಚ್ಚಬೇಡಿ," ಅಂತ ಸಪ್ಪೆರಾಯ ಗೋರಿಗಳ ನಡುವೆ ಓಡುತ್ತ ಬಂದ. ಕಾಲಿಗೆ ಯಾವುದೋ ಹೂಕುಂಡ ಸಿಕ್ಕಿ, ಸೀದಾ ಹಸಿ ಮಣ್ಣಿನ ರಾಶಿಗೆ ಬಿದ್ದ. ಅರ್ಧ ರಾಶಿ ಅವನೊಂದಿಗೇ ಗುಂಡಿಗೆ ಜಾರಿತು. ಅಳುತ್ತಿದ್ದವರು ಅಳು ನಿಲ್ಲಿಸಿದರು. ಗುಂಡಿ ತೋಡುವವನು ಸನಿಕೆ ಊರಿ, ಮತ್ತೆ ತೋಡಬೇಕಲ್ಲ ಅನ್ನುವಂತೆ ನಿಟ್ಟುಸಿರುಬಿಟ್ಟ. ಆಮೇಲೆ ಕೈ ಕೊಟ್ಟು ಅವನನ್ನು ಮೇಲೆಳೆದ.

"ಯಾರ್ರೀ ನೀವು? ಏನ್ ಬೇಕು?" ಅಂದ ಹಿರಿಯವನು.

"ಆ ಸೊಪ್ಪು."

"ಹೆಣ ಹೂಳೋ ಜಾಗಕ್ಕೆ ಸೊಪ್ಪು ಕೇಳ್ಕೊಂಡು ಬಂದಿದೀರಾ?"

ಸಪ್ಪೆರಾಯ ಬಾಯಿಗೆ ಹೊಕ್ಕ ಮಣ್ಣು ಉಗುಳಿದ. ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಆಗ ಮುದುಕನ ಮಗಳು ಸಪ್ಪೆರಾಯನ ಮುಂದೆ ಬಂದಳು. ಕಣ್ಣು ಊದಿಕೊಂಡಿದ್ದವು.

"ಯಾರು ಮಾಡಿದ್ದಣ್ಣ ಇದು?"

"ನನ್ ಹೆಂಡ್ತಿ."

"ಹಾಳಾಗಿರತ್ತೆ ಈ ಬಿಸಿಲಿಗೆ. ಇನ್ನೊಂದ್ಸಲ ಮಾಡಿಸ್ಕೊಂಡ್ರೆ ಆಗಲ್ವಾ?"

ಅವನು ಮೈಮೇಲಿನ ಮಣ್ಣು ಕೊಡವುತ್ತ ಗುಂಡಿಯ ಕಡೆ ನೋಡಿದ. ಅವಳಿಗೆ ಅಷ್ಟು ಸಾಕಾಯಿತು. ಅಣ್ಣನ ಕೈಯಿಂದ ಡಬ್ಬಿ ಕಿತ್ತು, ರಬ್ಬರ್ ಬ್ಯಾಂಡು ಸರಿ ಮಾಡಿ, ಸೆರಗಿನಿಂದ ಮುಚ್ಚಳ ಒರೆಸಿ ಅವನ ಕೈಗಿಟ್ಟಳು.

"ಇಟ್ಕೋಬೇಡಿ ಅಣ್ಣ. ಇವತ್ತೇ ತಿಂದ್ಬಿಡಿ," ಅಂದಳು.

ಮನೆಗೆ ನಡೆದೇ ಬಂದ. ಮೈತುಂಬ ಗೋರಿಯ ಮಣ್ಣು ಮೆತ್ತಿದವನನ್ನು ಯಾವ ಬಸ್ಸಿನವನು ಹತ್ತಿಸಿಕೊಳ್ಳುತ್ತಾನೆ? ಡಬ್ಬಿ ಕಾದು ಬಿಸಿಯಾಗಿತ್ತು. ಆದರೂ ಕುಲುಕಿದರೆ ಸದ್ದಿಲ್ಲ. ಹೆಂಡತಿ ಒತ್ತಿ ತುಂಬಿದ್ದು, ಅಲುಗಾಡಲು ಜಾಗವೆಲ್ಲಿ ಅಂದುಕೊಂಡ. ದಾರಿಯುದ್ದಕ್ಕೂ ಅವನ ಹೊಟ್ಟೆ ಚುರುಗುಟ್ಟಿತು. ಅವಳು ಇದ್ದಾಗ ಒಂದು ದಿನವೂ ಆಸೆಪಡದ ಸೊಪ್ಪಿಗೆ ಇಂದು ಬಾಯಲ್ಲಿ ನೀರೂರುತ್ತಿತ್ತು. ಆ ಘಾಟು ಮೂಗಿಗೆ ಬಂದರೆ ಸಾಕು, ಒಂದು ಊಟದಷ್ಟು ಹೊತ್ತು ಅವಳು ಎದುರಿಗಿದ್ದ ಹಾಗೇ.

ನರ್ಸಮ್ಮ ಮೆಟ್ಟಿಲ ಮೇಲೆಯೇ ಕುಳಿತಿದ್ದಳು. ಮಣ್ಣು ಮೆತ್ತಿದ ಅವನನ್ನು ಮೇಲಿಂದ ಕೆಳಗೆ ನೋಡಿದಳು.

"ಎಲ್ಲಿ ಬಿದ್ದೆ?"

"ಗುಂಡೀಲಿ ಅಕ್ಕ."

"ಅಷ್ಟು ಅವಸರ ಏನಿತ್ತು? ಕಾಲ ಬಂದಾಗ ಅವರೇ ಇಳಿಸ್ತಾರೆ." ಆಕೆ ಎದ್ದು ಹಿಂದೆಯೇ ಬಂದಳು. "ತಿನ್ನೋದೇ ಆದ್ರೆ ನನ್ನೆದುರಿಗೇ ತಿನ್ನು. ವಾಸನೆ ಬಂದಿದ್ರೆ ಎಸೀತೀನಿ, ಆಮೇಲೆ ಅಳ್ಬೇಡ."

ಅವನು ಕೈಕಾಲು ತೊಳೆದು ಬಂದ. ಹೆಂಡತಿ ಸೊಪ್ಪು ಬಿಸಿ ಮಾಡುತ್ತಿದ್ದ, ಹಿಡಿ ಸಡಿಲಾದ ಬಾಣಲೆಯನ್ನೇ ಹುಡುಕಿ ಒಲೆಯ ಮೇಲಿಟ್ಟ. ತಟ್ಟೆ ತೊಳೆದು ಮೇಜಿನ ಮೇಲಿಟ್ಟ. ಪಕ್ಕದಲ್ಲಿ ಒಂದು ಲೋಟ ನೀರು. ಬಾಣಲೆ ಕಾಯುತ್ತಿತ್ತು. ರಬ್ಬರ್ ಬ್ಯಾಂಡು ಮೆಲ್ಲಗೆ ತೆಗೆದು ಮಣಿಕಟ್ಟಿಗೆ ಹಾಕಿಕೊಂಡ, ಅವಳೂ ಹಾಗೇ ಮಾಡುತ್ತಿದ್ದಳು. ಕಣ್ಣು ಮುಚ್ಚಿ, ಮೂಗು ಹತ್ತಿರ ತಂದು, ಮುಚ್ಚಳ ಎಬ್ಬಿಸಿದ.

ಯಾವ ಘಾಟೂ ಬರಲಿಲ್ಲ.

ಕಣ್ಣು ಬಿಟ್ಟ. ಡಬ್ಬಿಯ ಅಂಚಿನವರೆಗೆ ಒತ್ತಿ ತುಂಬಿದ ಬಿಳಿ. ಒಂದು ಮೂಲೆಯಲ್ಲಿ ಮಾತ್ರ ಸಣ್ಣ ಗುಳಿ, ಹೆಬ್ಬೆರಳು ತೋರುಬೆರಳು ಸೇರಿ ಚಿಟಿಕೆ ತೆಗೆದ ಗುಳಿ.

ನರ್ಸಮ್ಮ ಬಗ್ಗಿ ನೋಡಿದಳು. ಬೆರಳ ತುದಿ ಅದ್ದಿ ನಾಲಿಗೆಗೆ ಇಟ್ಟುಕೊಂಡಳು. ನಂಬದೆ ಇನ್ನೊಮ್ಮೆ ಅದ್ದಿದಳು.

"ಉಪ್ಪು," ಅಂದಳು ಕೊನೆಗೆ. "ಗಟ್ಟಿಗಿತ್ತಿ ಕಣೋ ನಿನ್ ಹೆಂಡ್ತಿ. ನೀನು ಸತ್ರೂ ಮುಟ್ಟದ ಡಬ್ಬಿ ಯಾವ್ದು ಅಂತ ಸರ್ಯಾಗಿ ತಿಳ್ಕೊಂಡಿದ್ಳು."

ಆಕೆಗೆ ನಗು ಬಂತು. ನಗುತ್ತಲೇ ಕಣ್ಣೊರೆಸಿಕೊಂಡಳು. ಆಮೇಲೆ ನರ್ಸಿನ ಕೈ ತನ್ನ ಕೆಲಸ ನೆನಪಿಸಿಕೊಂಡಿತು. ಮುಚ್ಚಳ ಒತ್ತಿ, ಡಬ್ಬಿಯನ್ನು ಕಂಕುಳಲ್ಲಿ ಇರುಕಿಕೊಂಡಳು.

"ಇದು ನನ್ನ ಮನೇಲಿರ್ಲಿ. ಅವಳಿಗೆ ಮಾತು ಕೊಟ್ಟಿದೀನಿ. ಕೋಸು ಕಳಿಸ್ಲಾ?"

ಅವನು ತಲೆಯಾಡಿಸಿದ, ಬೇಕೆಂದೋ ಬೇಡವೆಂದೋ ಆಕೆಗೆ ತಿಳಿಯಲಿಲ್ಲ. ಡಬ್ಬಿ ಮೆಟ್ಟಿಲಿಳಿದು ಹೋಯಿತು. ಕೆಳಗೆ ಬಾಗಿಲು ಹಾಕಿದ ಸದ್ದಾಯಿತು.

ಖಾಲಿ ಬಾಣಲೆ ಹೊಗೆಯಾಡುತ್ತಿತ್ತು. ಅವನು ಒಲೆ ಆರಿಸಿದ. ಫ್ರಿಜ್ಜಿನ ಅಡಿಯಿಂದ ಮತ್ತೆ ಒಂದಿಷ್ಟು ನೀರು ಬಂದಿತ್ತು, ಅದನ್ನು ದಾಟಿ ಬಂದು ಮೇಜಿಗೆ ಕುಳಿತ. ಒಲೆಯ ಮುಂದೆ, ಅವಳು ಬೆನ್ನು ಹಾಕಿ ನಿಲ್ಲುತ್ತಿದ್ದ ಜಾಗದ ಕಡೆಗೆ, ತಟ್ಟೆಯನ್ನು ಸ್ವಲ್ಪ ಮುಂದೆ ತಳ್ಳಿದ.

"ಒಂದು ಸೌಟು ಬಡಿಸು," ಅಂದ. "ಉಪ್ಪು ಬೇಡ."