ಕೆಂಪು ಪಟ್ಟಿಯಿಂದ ನನ್ನ ಮನೆಯನ್ನು ಕೈಬಿಡುವ ಕುರಿತು

ಇಂದ:
ಕಾರ್ಯಕ್ರಮ ವ್ಯವಸ್ಥಾಪಕ,
ಪ್ರಾದೇಶಿಕ ಆಹಾರ ಭದ್ರತೆ ಮತ್ತು ದುರ್ಬಲತೆ ಮೌಲ್ಯಮಾಪನ ಕಾರ್ಯಕ್ರಮ
(ಹಾಲಿ: ತೀವ್ರ ಹಸಿವಿನ ಕುಟುಂಬವೊಂದರ ಯಜಮಾನ)

ಗೆ:
ಅಧ್ಯಕ್ಷರು,
ದತ್ತಾಂಶ ತಿದ್ದುಪಡಿ ಸಮಿತಿ,
ಮೂರನೇ ಮಹಡಿ, ಲಿಫ್ಟ್ ಕೆಟ್ಟಿರುವ ಕಟ್ಟಡ

ಮೂಲಕ:
ಕಾರ್ಯಕ್ರಮ ವ್ಯವಸ್ಥಾಪಕರು (ಅಂದರೆ ನಾನೇ)

ವಿಷಯ: ಉಂಡು ತೇಗುವಷ್ಟು ಅನುಕೂಲವಿರುವ ನನ್ನ ಕುಟುಂಬವನ್ನು ನಾಲ್ಕನೇ ವರ್ಗದಿಂದ, ಅಂದರೆ ಕೆಂಪು ಪಟ್ಟಿಯಿಂದ, ಕೈಬಿಡುವ ಬಗ್ಗೆ.

ಉಲ್ಲೇಖ:
1. ನಾನೇ ಹೊರಡಿಸಿದ ಸುತ್ತೋಲೆ: ‘ಒಮ್ಮೆ ಸರ್ವರ್‌ಗೆ ಹೋದ ದಾಖಲೆಯನ್ನು ಯಾರೂ, ಯಾವ ಕಾರಣಕ್ಕೂ ಅಳಿಸತಕ್ಕದ್ದಲ್ಲ.’
2. ದಾನಿ ಸಂಸ್ಥೆಯ ಮಾರ್ಗಸೂಚಿ, ಅಧ್ಯಾಯ ಒಂಬತ್ತು: ‘ಕೆಂಪು ಪಟ್ಟಿಯ ಮನೆಗಳಲ್ಲಿ ಊಟದ ವೀಕ್ಷಣೆ.’
3. ನನ್ನ ತಾಯಿಯವರು ಅಡುಗೆಮನೆಯ ಬಾಗಿಲಲ್ಲಿ ನಿಂತು ನೀಡಿದ ಮೌಖಿಕ ಸೂಚನೆ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ನಿವೇದಿಸಿಕೊಳ್ಳುವುದೇನೆಂದರೆ:

1. ಈ ಕಾರ್ಯಕ್ರಮವನ್ನು ಆರಂಭದಿಂದಲೂ ನಾನೇ ನಡೆಸಿಕೊಂಡು ಬಂದಿರುತ್ತೇನೆ. ನಾಲ್ಕು ಜಿಲ್ಲೆಗಳಲ್ಲಿ ಯಾರ ಮನೆಯಲ್ಲಿ ಒಲೆ ಹತ್ತಿತು, ಯಾರು ನೀರು ಕುಡಿದು ಮಲಗಿದರು ಎಂಬುದನ್ನು ಕೇಳಿಸಿ, ಕೂಡಿಸಿ, ಭಾಗಿಸಿ, ಭೂಪಟಕ್ಕೆ ಹಸಿರು, ಹಳದಿ, ಕಿತ್ತಳೆ, ಕೆಂಪು ಬಣ್ಣ ಬಳಿದು ದಾನಿ ಸಂಸ್ಥೆಗೆ ಒಪ್ಪಿಸುವುದು ನನ್ನ ಕೆಲಸ. ದಾನಿ ಸಂಸ್ಥೆ ಇರುವ ದೇಶದಲ್ಲಿ ಬೆಳಗಾಗುವುದು ನಮ್ಮಲ್ಲಿ ದೀಪ ಹಚ್ಚುವ ಹೊತ್ತಿಗೆ. ಆದ್ದರಿಂದ ಅವರ ಸಂಯೋಜಕಿ ಬೆಳಗಿನ ಕಾಫಿ ಹಿಡಿದು ಪರದೆಯ ಮೇಲೆ ಬರುವುದೂ, ನಾನು ಕಚೇರಿಯಲ್ಲಿ ಕೂತು ಹಸಿವಿನ ವರದಿ ಓದುವುದೂ ದಿನಾ ಸಂಜೆಯ ಮಾತು. ಅದು ಮುಗಿದು ನಾನು ಮನೆ ಸೇರುವಾಗ ಬೀದಿನಾಯಿಗಳು ಬೊಗಳಿ ಸಾಕಾಗಿ ಮಲಗಿರುತ್ತವೆ. ನನ್ನ ರಾತ್ರಿಯ ಊಟ ಕಚೇರಿಯ ಡ್ರಾಯರಿನಲ್ಲಿರುವ ಬಿಸ್ಕತ್ತು. ಇದನ್ನು ನಾನು ಕರ್ತವ್ಯನಿಷ್ಠೆ ಎಂದು ತಿಳಿದಿದ್ದೆ.

2. ಹೊಸ ಗಣತಿದಾರರಿಗೆ ತರಬೇತಿಯ ಕಡೆಯ ದಿನ ಯಾವುದಾದರೊಂದು ನಿಜವಾದ ಮನೆಗೆ ಹೋಗಿ, ಪ್ರಶ್ನಾವಳಿ ಕೇಳಿ, ಕೈ ಪಳಗಿಸಿಕೊಳ್ಳುವ ಪದ್ಧತಿ ಇರುತ್ತದೆ. ಇದಕ್ಕೆ ಕಚೇರಿಯ ಹಿಂದಿನ ಬೀದಿಯಲ್ಲಿರುವ ನನ್ನ ಮನೆಯನ್ನೇ ಬಳಸಲಾಗುತ್ತಿತ್ತು. ಕಾರಣ, ಹತ್ತಿರ. ಕಾರಣ, ವಾಹನ ಬೇಡ. ಕಾರಣ, ನನ್ನ ಪತ್ನಿಯವರು ಬಂದವರಿಗೆ ಟೀ ಕೊಡುತ್ತಾರೆ. ಮುಗಿದ ಮೇಲೆ ಟ್ಯಾಬ್‌ನಲ್ಲಿ ‘ಇದು ಅಭ್ಯಾಸ’ ಎಂಬ ಗುಂಡಿ ಒತ್ತಬೇಕು. ಒತ್ತದಿದ್ದರೆ ಅದು ನಿಜವಾದ ದಾಖಲೆಯಾಗಿ ಸರ್ವರ್‌ಗೆ ಹೋಗುತ್ತದೆ.

ಈ ಸಲ ಬಂದ ಗಣತಿದಾರರು ನಿವೃತ್ತ ಬಸ್ ಕಂಡಕ್ಟರ್. ತುಂಬಿದ ಬಸ್ಸಿನಲ್ಲಿ ಹಿಂದಿನ ಬಾಗಿಲಿನವರಿಗೂ ಕೇಳಿಸುವ ಗಂಟಲು. ಪ್ರಶ್ನೆ ಕೇಳಿದರೆ ಚಿಲ್ಲರೆ ಕೊಡಬೇಕೇನೋ ಅನಿಸುತ್ತದೆ. ಗುಂಡಿ ಏಕೆ ಒತ್ತಲಿಲ್ಲ ಎಂದು ಲಿಖಿತ ವಿವರಣೆ ಕೇಳಿದಾಗ ಅವರು ಬಾಯಲ್ಲೇ ಹೇಳಿದ್ದು ಇಷ್ಟು: “ಸಾರ್, ನಾನು ಟಿಕೆಟ್ ಹರಿದು ಬದುಕಿದವನು. ಹರಿದು ಕೊಟ್ಟ ಮೇಲೆ ಇದು ಅಭ್ಯಾಸದ ಟಿಕೆಟ್ ಅಂತ ಎಲ್ಲಾದರೂ ಇರುತ್ತಾ? ಅವರು ನಿಜ ಹೇಳಿದರು, ನಾನು ಕಳಿಸಿದೆ.”

3. ಸದರಿ ಸಂದರ್ಶನದಲ್ಲಿ ನಡೆದದ್ದನ್ನು, ನಾನು ಎಂದಿನಂತೆ ಮನೆಯಲ್ಲಿ ಇಲ್ಲದ ಕಾರಣ, ಉಭಯತ್ರರಿಂದ ಕೇಳಿ ಕೆಳಗೆ ನಮೂದಿಸಿದ್ದೇನೆ.

ಕಂಡಕ್ಟರ್: “ಕಳೆದ ಏಳು ದಿನದಲ್ಲಿ, ನಾಳೆ ಊಟಕ್ಕೆ ಏನು ಮಾಡೋದು ಅಂತ ಚಿಂತೆ ಆಗಿತ್ತಾ?”

ಪತ್ನಿ: “ಏಳು ದಿನ ಏನು ಬಂತು, ಮದುವೆ ಆದಾಗಿಂದ ಅದೇ ಚಿಂತೆ.”

“ಬೇರೆ ದಾರಿ ಇಲ್ಲದೆ, ಇಷ್ಟವಿಲ್ಲದ ಊಟ ಮಾಡಿದ್ದೀರಾ?”

“ರಾತ್ರಿ ಅವರ ಪಾಲಿಂದು ಹಾಗೇ ಉಳಿಯುತ್ತೆ. ಬಿಸಾಡೋಕೆ ಮನಸ್ಸು ಬರಲ್ಲ. ಮಾರನೇ ದಿನ ಮಧ್ಯಾಹ್ನ ನನಗೆ ಅದೇ.”

“ಅಕ್ಕಪಕ್ಕದವರಿಂದ ಆಹಾರ ಪದಾರ್ಥ ಕಡ ತಂದಿದ್ದೀರಾ?”

“ಈಗ ತಾನೇ ಸಕ್ಕರೆ ತಂದೆ. ನಿಮ್ಮ ಟೀಗೆ.”

“ಮನೆ ಸಾಮಾನು ಮಾರಿದ್ದೀರಾ?”

“ಅವರ ವ್ಯಾಯಾಮದ ಸೈಕಲ್ ಗುಜರಿಯವನಿಗೆ ಕೊಟ್ಟೆ. ಒದ್ದೆ ಬಟ್ಟೆ ಹರವೋಕೆ ಬಿಟ್ಟು ಇನ್ನೇನಕ್ಕೂ ಬರ್ತಿರಲಿಲ್ಲ.”

ಪ್ರತಿ ಉತ್ತರಕ್ಕೂ ಅಂಕ ಬಿದ್ದಿರುತ್ತದೆ. ಕಡೆಯದಾಗಿ, ಮನೆಯಲ್ಲಿ ಯಾರಾದರೂ ರಾತ್ರಿ ಉಣ್ಣದೆ ಮಲಗಿದ್ದಾರೆಯೇ ಎಂಬ ಪ್ರಶ್ನೆ. ಪತ್ನಿಯವರು ಇಲ್ಲ ಎನ್ನಲು ಬಾಯಿ ತೆರೆಯುವಷ್ಟರಲ್ಲಿ, ಮೂಲೆಯಲ್ಲಿ ಬಟಾಣಿ ಸುಲಿಯುತ್ತಿದ್ದ ನನ್ನ ತಾಯಿಯವರು “ನಾನು” ಎಂದರು.

“ಎಷ್ಟು ಸಲ ಅಮ್ಮ?”

“ಅವನು ಊಟಕ್ಕೆ ಬರದ ದಿನ ಎಲ್ಲಾ.”

ಏಕೆ ಎಂದು ಕೇಳಲು ಪ್ರಶ್ನಾವಳಿಯಲ್ಲಿ ಜಾಗವಿಲ್ಲ. ಏಕೆ ಎಂದು ಕೇಳುತ್ತ ಹೋದರೆ ಸಂದರ್ಶನ ಉದ್ದವಾಗುತ್ತದೆಂದು ಅದನ್ನು ತೆಗೆಸಿದವನು ನಾನೇ. ಆದರೂ ಕಂಡಕ್ಟರ್ ನಿಯಮ ಮೀರಿ ಕೇಳಿರುತ್ತಾರೆ. ತಾಯಿಯವರ ಉತ್ತರ: “ಅವನು ಬರಲಿ, ಒಟ್ಟಿಗೆ ಕೂರೋಣ ಅಂತ ಕಾಯ್ತೀನಪ್ಪ. ಕಾದು ಕಾದು ಹಸಿವೇ ಹೊರಟುಹೋಗುತ್ತೆ. ಸೊಸೆಗೆ ಗೊತ್ತಾದರೆ ಬಯ್ತಾಳೆ. ಅದಕ್ಕೆ ತಟ್ಟೆ ತೊಳೆದು ಇಟ್ಟುಬಿಡ್ತೀನಿ, ಉಂಡ ಹಾಗೆ.”

ಪತ್ನಿಯವರು ಟೀ ಲೋಟ ಹಿಡಿದುಕೊಂಡು ನಿಂತಲ್ಲೇ ಕುಳಿತರಂತೆ. ದಿನಾ ಬೆಳಿಗ್ಗೆ ಒದ್ದೆ ತಟ್ಟೆ ನೋಡಿ ಅತ್ತೆ ಊಟ ಮಾಡಿದ್ದಾರೆಂದು ನಂಬಿದ್ದವರು ಅವರು. ನಾನು ಆ ತಟ್ಟೆಯನ್ನೂ ನೋಡಿದವನಲ್ಲ. ನಾಲ್ಕು ಜಿಲ್ಲೆಗಳ ಉಪವಾಸ ನನ್ನ ಬೆರಳ ತುದಿಯಲ್ಲಿತ್ತು. ನನಗೆ ನಾಚಿಕೆಯಾಯಿತು. ಇದು ಅರ್ಜಿಯಲ್ಲಿ ಬರೆಯುವ ಮಾತಲ್ಲವಾದರೂ ಬರೆದಿದ್ದೇನೆ.

4. ಈ ಸುತ್ತಿನಲ್ಲಿ ನಮ್ಮ ಬಡಾವಣೆಯಿಂದ ಸರ್ವರ್‌ಗೆ ಹೋದ ದಾಖಲೆ ಇದೊಂದೇ ಆದ ಕಾರಣ, ಮಾದರಿ ಗಣಿತದ ಪ್ರಕಾರ ನನ್ನ ತಾಯಿಯವರು ಇಡೀ ಬಡಾವಣೆಯ ಪರವಾಗಿ ಉಪವಾಸವಿದ್ದಂತಾಯಿತು. ಬಂಗಲೆಗಳು, ಎರಡು ಮಿಠಾಯಿ ಅಂಗಡಿ ಮತ್ತು ತೂಕ ಇಳಿಸುವ ಕೇಂದ್ರ ಒಂದನ್ನು ಒಳಗೊಂಡು ಎಲ್ಲವೂ ಕೆಂಪಾಯಿತು. ಭೂಪಟ ನೋಡಿದ ಸಂಯೋಜಕಿಯವರು ಇಷ್ಟು ಸ್ಪಷ್ಟವಾದ ಕೆಂಪನ್ನು ಈ ಪ್ರದೇಶದಿಂದ ಇದುವರೆಗೆ ಕಂಡಿರಲಿಲ್ಲವೆಂದು ನನ್ನನ್ನು ಅಭಿನಂದಿಸಿದರು. ನಾನು ಧನ್ಯವಾದ ಹೇಳಿದೆ. ಯಾವ ಮನೆ ಎಂದು ಆಗ ನನಗೂ ತಿಳಿದಿರಲಿಲ್ಲ.

5. ತಿಳಿದದ್ದು ಮಾರನೆಯ ವಾರ, ಅದೇ ಸಂಜೆಯ ಸಭೆಯ ನಡುವೆ, ಪತ್ನಿಯವರ ಫೋನಿನಿಂದ. “ರೀ, ಮನೆ ಮುಂದೆ ಲಾರಿ ನಿಂತಿದೆ. ನಾವು ಹಸಿದಿದ್ದೀವಂತೆ. ಹೆಬ್ಬೆಟ್ಟು ಒತ್ತಬೇಕಂತೆ. ನೀವು ಬರ್ತೀರೋ, ನಾನೇ ಒತ್ತಲೋ?”

ಧಾನ್ಯದ ಮೂಟೆಗಳು, ಎಣ್ಣೆಯ ಡಬ್ಬ, ಹಾಲಿನಲ್ಲಿ ಕಲಸುವ ಪುಡಿ, ಮತ್ತು ನೀರು ಕುದಿಸುವುದು ಹೇಗೆಂದು ನನ್ನ ಪತ್ನಿಯವರಿಗೆ ಚಿತ್ರ ತೋರಿಸಿ ಕಲಿಸಲು ಒಬ್ಬ ಪೌಷ್ಟಿಕ ಸಲಹೆಗಾರ್ತಿ. ನಾನು ಉಗ್ರಾಣಕ್ಕೆ ಓಡಿ ಮೂಟೆಗಳನ್ನು ವಾಪಸ್ ತೆಗೆದುಕೊಳ್ಳಿ ಎಂದೆ. ಉಗ್ರಾಣದವರು ಕಂಪ್ಯೂಟರ್ ತಿರುಗಿಸಿ ತೋರಿಸಿದರು: “ಕೊಡೋಕೆ ಮಾತ್ರ ಕಾಲಂ ಇದೆ ಸಾರ್. ವಾಪಸ್ ತಗೊಳ್ಳೋಕೆ ಇಲ್ಲ. ನೀವೇ ಬೇಡ ಅಂದಿದ್ರಿ.” ಹೌದು, ನಾನೇ ಬೇಡ ಅಂದಿದ್ದೆ.

ಅಂದಿನಿಂದ ನಮ್ಮ ಪಾಲಿನ ಮೂಟೆಗಳು ನಮ್ಮ ಬಡಾವಣೆಗೇ ಸೇರಿದ, ಉಗ್ರಾಣದ ಹಿಂದಿನ ಹಮಾಲರ ಸಾಲುಮನೆಗಳಿಗೆ, ನನ್ನ ಸಹಿಯೊಂದಿಗೆ, ನೇರ ಹೋಗುತ್ತಿವೆ. ಒಂದು ಕಾಳನ್ನೂ ನಾವು ಮುಟ್ಟಿಲ್ಲ. ಬಂಗಲೆಗಳ ಜೊತೆ ಸರಾಸರಿಗೆ ಸಿಕ್ಕಿ ಆ ಸಾಲು ಹಿಂದಿನ ಭೂಪಟಗಳಲ್ಲೆಲ್ಲ ಅಚ್ಚ ಹಸಿರಾಗಿತ್ತು. ಅಲ್ಲಿ ಹಸಿದವರಿದ್ದಾರೆಂಬುದು ಕಂಡಕ್ಟರ್ ಬಾಗಿಲು ಬಾಗಿಲು ತಟ್ಟಿ ಹೇಳಿದ ಮೇಲೆ ಗೊತ್ತಾಯಿತು. ಈಗ ಅವರೆಲ್ಲರ ಹೆಸರಿನಲ್ಲೇ ದಾಖಲೆಗಳಾಗಿವೆ. ಆದ ಕಾರಣ ನನ್ನ ಮನೆ ಪಟ್ಟಿಯಲ್ಲಿದ್ದರೂ ಬಿಟ್ಟರೂ ಅವರ ಪಾಲಿಗೆ ಚ್ಯುತಿ ಬರುವುದಿಲ್ಲ ಎಂದು ದೃಢೀಕರಿಸುತ್ತೇನೆ.

6. ಇನ್ನು ಅಧ್ಯಾಯ ಒಂಬತ್ತು. ಅದರ ಪ್ರಕಾರ ಕೆಂಪು ಪಟ್ಟಿಯ ಮನೆಗೆ ವೀಕ್ಷಕರು ಯಾವುದೇ ಸಂಜೆ, ಮುನ್ಸೂಚನೆ ಇಲ್ಲದೆ, ಊಟದ ಹೊತ್ತಿಗೆ ಬರಬಹುದು. ಕುಟುಂಬದ ಎಲ್ಲ ಸದಸ್ಯರೂ ಒಟ್ಟಿಗೆ ಕೂತು ಉಣ್ಣುವುದನ್ನು ಅವರು ಕಣ್ಣಾರೆ ಕಂಡು ದಾಖಲಿಸಬೇಕು. ಯಜಮಾನ ಗೈರುಹಾಜರಾದರೆ ಅಂದಿನ ಊಟ ಲೆಕ್ಕಕ್ಕಿಲ್ಲ. ಯಾವ ಸಂಜೆ ಬರುತ್ತಾರೆಂದು ತಿಳಿಯದ ಕಾರಣ ನಾನು ಎಲ್ಲ ಸಂಜೆಯೂ ಮನೆಯಲ್ಲಿರಬೇಕಾಯಿತು.

ಈ ಬಗ್ಗೆ ಸಂಯೋಜಕಿಯವರಿಗೆ, ಕೆಂಪು ಪಟ್ಟಿಯ ಮನೆಯೊಂದರಲ್ಲಿ ಸಂಜೆ ನನ್ನ ಹಾಜರಿ ಕಡ್ಡಾಯವೆಂದು ತಿಳಿಸಿದೆ. “ಫಲಾನುಭವಿಗಳ ಸಮಯವೇ ನಮಗೆ ಮೊದಲು, ನೀವು ಹೊರಡಿ” ಎಂದು ಅವರು ದಿನದ ಸಭೆಯನ್ನೇ ರದ್ದು ಮಾಡಿ, ನಮ್ಮ ಮಧ್ಯಾಹ್ನಕ್ಕೆ ಸರಿಯಾಗಿ ತಾವು ನಸುಕಿನಲ್ಲಿ ಎದ್ದು ವಾರಕ್ಕೊಮ್ಮೆ ಮಾತಾಡುವುದಾಗಿ ಹೇಳಿದರು. ಯಾವ ಮನೆ ಎಂದು ಅವರು ಕೇಳಲಿಲ್ಲ. ಕೇಳದ ಪ್ರಶ್ನೆಗೆ ಉತ್ತರ ತುಂಬಬಾರದೆಂದು ನಾವೇ ಗಣತಿದಾರರಿಗೆ ಕಲಿಸುತ್ತೇವೆ.

7. ಮೊದಲ ಸಂಜೆ ನನಗೆ ನನ್ನ ತಟ್ಟೆ ಯಾವುದೆಂದು ಗೊತ್ತಾಗಲಿಲ್ಲ. ಮಾತಾಡಲು ವಿಷಯವೂ ಸಿಗದೆ, ಕಳೆದ ತ್ರೈಮಾಸಿಕದ ಪ್ರಗತಿ ಹೇಗಿದೆ ಎಂದು ಪತ್ನಿಯವರನ್ನು ಕೇಳಿದೆ. “ನಲ್ಲಿ ಸೋರ್ತಿದೆ, ಅದೇ ಪ್ರಗತಿ” ಎಂದರು. ವೀಕ್ಷಕರಾಗಿ ನೇಮಕಗೊಂಡು ಬಾಗಿಲ ಬಳಿ ಸ್ಟೂಲಿನ ಮೇಲೆ ಟ್ಯಾಬ್ ಹಿಡಿದು ಕೂತಿದ್ದ ಅದೇ ಕಂಡಕ್ಟರ್ ಗಟ್ಟಿಯಾಗಿ “ಅಜ್ಜಿ ಎರಡನೇ ಸಲ ಬಡಿಸಿಕೊಂಡರು, ಬರ್ಕೊಂಡೆ” ಎಂದು ಕೂಗಿದರು. ನಾನು ತಲೆ ಎತ್ತಿ ನೋಡಿದೆ. ತಾಯಿಯವರು ನನ್ನ ತಟ್ಟೆಯನ್ನೇ ನೋಡುತ್ತ, ನಾನು ಒಂದು ತುತ್ತು ತೆಗೆದುಕೊಂಡರೆ ತಾವೊಂದು ತುತ್ತು ತೆಗೆದುಕೊಳ್ಳುತ್ತಿದ್ದರು. ಆಮೇಲೆ ನಾನೂ ಎರಡನೇ ಸಲ ಬಡಿಸಿಕೊಂಡೆ. ಹಸಿವಿರಲಿಲ್ಲ.

8. ತಿಂಗಳಿಗೊಮ್ಮೆ ತಾಯಿಯವರ ತೋಳಿನ ಸುತ್ತಳತೆಯನ್ನು ಟೇಪಿನಿಂದ ಅಳೆಯಲಾಗುತ್ತದೆ. ಅಳತೆ ಏರಿದರೆ ಕುಟುಂಬವು ಪಟ್ಟಿಯಿಂದ ತಾನಾಗಿ ಹೊರಬೀಳುತ್ತದೆ. ಕಳೆದ ಸಲ ಕಂಡಕ್ಟರ್ ಟೇಪ್ ಸುತ್ತಿದಾಗ ನಡೆದ ಸಂಭಾಷಣೆಯನ್ನು ಸಮಿತಿಯ ಗಮನಕ್ಕೆ ತರುವುದು ನನ್ನ ಕರ್ತವ್ಯ.

“ಜಾಸ್ತಿ ಬಂದರೆ ಇವನು ಮತ್ತೆ ಸಂಜೆ ಆಫೀಸಿಗೆ ಹೋಗ್ತಾನಾ?”

“ನಿಯಮ ಹಾಗೇ ಇದೆ ಅಮ್ಮ.”

“ಹಾಗಾದರೆ ಸ್ವಲ್ಪ ಬಿಗಿಯಾಗಿ ಹಿಡಿಯಪ್ಪ.”

ಕಂಡಕ್ಟರ್ ಬಿಗಿ ಹಿಡಿಯಲಿಲ್ಲ. ಆದರೆ ಕನ್ನಡಕ ಮನೆಯಲ್ಲಿ ಮರೆತು ಬಂದಿದ್ದೇನೆ, ಮುಂದಿನ ತಿಂಗಳು ನೋಡೋಣ ಎಂದು ಟೇಪ್ ಮಡಿಸಿ ಜೇಬಿಗೆ ಹಾಕಿಕೊಂಡರು. ಕನ್ನಡಕ ಅವರ ಹಣೆಯ ಮೇಲಿತ್ತು. ಅದನ್ನು ಕಂಡೂ ನಾನು ಅವರಿಂದ ವಿವರಣೆ ಕೇಳಲಿಲ್ಲ. ತಾಯಿಯವರ ತೋಳು ತುಂಬಿಕೊಂಡಿದೆ ಎಂಬುದು ಟೇಪಿಲ್ಲದೆಯೂ ಕಾಣುತ್ತದೆ.

9. ಆದಾಗ್ಯೂ, ತಪ್ಪು ದಾಖಲೆ ಇದೆಯೆಂದು ಗೊತ್ತಿದ್ದೂ ತಮ್ಮ ಸಮಿತಿಗೆ ಅರ್ಜಿ ಸಲ್ಲಿಸದ ನೌಕರ ಶಿಸ್ತುಕ್ರಮಕ್ಕೆ ಗುರಿಯಾಗುತ್ತಾನೆ. ಕೆಲಸ ಹೋದರೆ ನನ್ನ ಮನೆ ನಿಜವಾಗಿಯೂ ಕೆಂಪಾಗುವ ಸಂಭವವಿದೆ. ಆದ ಕಾರಣ ಈ ಅರ್ಜಿ. ಇದನ್ನು ಬರೆಯಲು ಕೂತಾಗ ತಾಯಿಯವರು ಅಡುಗೆಮನೆಯ ಬಾಗಿಲಿಗೆ ಬಂದು ನೀಡಿದ ಸೂಚನೆ (ಉಲ್ಲೇಖ 3): “ಸುಳ್ಳು ಬರೀಬೇಡ. ಇದ್ದದ್ದು ಇದ್ದ ಹಾಗೇ ಬರಿ. ಅವಸರ ಏನಿಲ್ಲ ಅಂತಾನೂ ಬರಿ.”

10. ತಮ್ಮ ಸಮಿತಿಯ ಕಾರ್ಯವೈಖರಿಯ ಬಗ್ಗೆ ನನಗೆ ಅಪಾರ ಗೌರವವಿದೆ. ಪಕ್ಕದ ಜಿಲ್ಲೆಯ ಗಡ್ಡಧಾರಿ ಬಡಗಿಯೊಬ್ಬರು ಕೈತಪ್ಪಿನಿಂದ ಗರ್ಭಿಣಿ ಎಂದು ದಾಖಲಾಗಿದ್ದರು. ಅವರು ತಿದ್ದುಪಡಿಗೆ ಅರ್ಜಿ ಹಾಕಿದ್ದು ತಮ್ಮಲ್ಲೇ. ಅರ್ಜಿ ಪರಿಶೀಲನೆಯಲ್ಲಿದೆ. ಈ ಮಧ್ಯೆ ಸರ್ವರ್ ಅವರಿಗೆ ಹೆರಿಗೆ ಮಾಡಿಸಿ, ಮಗುವಿಗೆ ಲಸಿಕೆಗಳನ್ನೆಲ್ಲ ಮುಗಿಸಿ, ಈ ವರ್ಷ ಶಾಲೆಗೆ ಸೇರಿಸುವಂತೆ ಅವರಿಗೆ ಜ್ಞಾಪನ ಕಳಿಸಿದೆ. ಸಮಿತಿಯ ಮೇಲೆ ನನಗಿರುವ ಭರವಸೆಗೆ ಇದೇ ಆಧಾರ.

ಆದ್ದರಿಂದ, ಮೇಲ್ಕಂಡ ಎಲ್ಲ ಕಾರಣಗಳಿಂದಾಗಿ, ನನ್ನ ಕುಟುಂಬವನ್ನು ಕೆಂಪು ಪಟ್ಟಿಯಿಂದ ಕೈಬಿಡಬೇಕೆಂದು ನಿಯಮಾನುಸಾರ ಕೋರುತ್ತೇನೆ. ಹಾಗೆಯೇ, ಈ ಅರ್ಜಿಯನ್ನು ಸಮಿತಿಯ ಎಂದಿನ ವೇಗದಲ್ಲೇ ಪರಿಶೀಲಿಸಬೇಕೆಂದೂ, ಯಾರು ಹೇಳಿದರೂ ‘ತುರ್ತು’ ಎಂಬ ಚೀಟಿ ಅಂಟಿಸಬಾರದೆಂದೂ, ಕಡತ ಕಳೆದುಹೋದಲ್ಲಿ ನನಗೆ ಬೇಸರವಿಲ್ಲವೆಂದೂ, ಲಿಫ್ಟ್ ರಿಪೇರಿಯಾಗುವವರೆಗೆ ಅದನ್ನು ಕೆಳಗಿನ ಮಹಡಿಯಲ್ಲೇ ಇಟ್ಟುಕೊಳ್ಳಬಹುದೆಂದೂ ವಿನಂತಿಸುತ್ತೇನೆ. ನನ್ನ ತಾಯಿಯವರಿಗೆ ವಯಸ್ಸಾಗಿದೆ. ಸಮಿತಿಯು ತನ್ನ ಎಂದಿನ ನಿಧಾನವನ್ನು ಅವರ ಕಾಲದವರೆಗಾದರೂ ಕಾಪಾಡಿಕೊಂಡು ಬಂದರೆ ಕುಟುಂಬವು ಕೃತಜ್ಞವಾಗಿರುತ್ತದೆ.

ಸ್ಥಳ: ಊಟದ ಮೇಜು

ತಮ್ಮ ವಿಶ್ವಾಸಿಯೂ, ಪಟ್ಟಿಯಲ್ಲಿರುವವರೆಗೆ ತಮ್ಮ ಫಲಾನುಭವಿಯೂ ಆದ,
ಕಾರ್ಯಕ್ರಮ ವ್ಯವಸ್ಥಾಪಕ

ಲಗತ್ತುಗಳು:
1. ಸುತ್ತೋಲೆಯ ಪ್ರತಿ. ಸಹಿ ನನ್ನದೇ ಎಂದು ಒಪ್ಪಿಕೊಂಡಿದ್ದೇನೆ.
2. ಬಡಾವಣೆಯ ಭೂಪಟ, ಮಿಠಾಯಿ ಅಂಗಡಿಗಳ ಸಮೇತ.
3. ತೊಳೆದಿಟ್ಟ ಮೂರು ತಟ್ಟೆಗಳ ಛಾಯಾಚಿತ್ರ. ಮೂರರಲ್ಲೂ ಊಟವಾಗಿದೆ, ನಾನು ನೋಡಿದ್ದೇನೆ.

ಮೂಲಕ ಕಳುಹಿಸುವ ಅಧಿಕಾರಿಯ ಷರಾ:
ಅರ್ಜಿಯನ್ನು ಓದಿದೆ. ಒಂದೆರಡು ಅಂಶಗಳ ಬಗ್ಗೆ ಸ್ಪಷ್ಟನೆ ಬೇಕಾಗಿ ಅರ್ಜಿದಾರರನ್ನು ಸಂಜೆ ಕಚೇರಿಯಲ್ಲಿ ಹುಡುಕಲಾಯಿತು. ಸಿಗಲಿಲ್ಲ. ಮನೆಯಲ್ಲಿ ತಾಯಿಯವರ ಜೊತೆ ಊಟಕ್ಕೆ ಕುಳಿತಿದ್ದಾರೆಂದು ತಿಳಿದುಬಂದಿದೆ. ಅವರು ಎದ್ದ ನಂತರ ಮುಂದಿನ ಕ್ರಮ.
(ಸಹಿ)
ಕಾರ್ಯಕ್ರಮ ವ್ಯವಸ್ಥಾಪಕರು