ಸುಮ್ಮನೆ ಕೂತ ಬಿ

ಇಂಗ್ಲಿಷಿನಲ್ಲಿ ಬರೆಯಲೇಬೇಕು, ಆದರೆ ಓದಬಾರದು ಎನ್ನುವ ಕೆಲವು ಅಕ್ಷರಗಳಿವೆ. ಎಪ್ಪತ್ತರ ದಶಕದ ಕೊನೆಗೆ ಹಂಪನಕಟ್ಟೆಯ ಲಾಡ್ಜೊಂದರ ಮೇಲಿನ ಕೋಣೆಯಲ್ಲಿ ಗಲ್ಫಿಗೆ ಹೊರಟವರಿಗೆ ನಾನು ಇಂಗ್ಲಿಷ್ ಕಲಿಸುತ್ತಿದ್ದೆ. ಆ ಮೂಕ ಅಕ್ಷರಗಳಿಂದ ಆಗ ಆದ ಫಜೀತಿ ಒಂದೆರಡಲ್ಲ.

೧. ಬುಧವಾರದ ಬೋರ್ಡು

ಕೆಳಗಿನ ಹೋಟೆಲಿನ ಧಣಿ ವಾರದ ರಜೆಯ ಬೋರ್ಡು ಬರೆಸಿ, "ವೆಡ್‌ನೆಸ್‌ಡೇ" ಎಂದು ಓದಿ ತೋರಿಸಿದರು.

"ವೆನ್ಸ್‌ಡೇ ಅನ್ನಬೇಕು. ನಡುವಿನ ಡಿ ಮಾತಾಡುವುದಿಲ್ಲ" ಎಂದೆ.

ಮರುದಿನ ನೋಡಿದರೆ ಡಿ ಮೇಲೆ ಬಣ್ಣ ಬಳಿದಾಗಿತ್ತು. "ಇದೆಂತ ಧಣಿ?" ಎಂದು ಕೇಳಿದೆ.

"ಮಾತಿಲ್ಲದೆ ಸುಮ್ಮನೆ ಜಾಗ ಹಿಡಿದು ಕೂತವರನ್ನು ನಾನು ಎಬ್ಬಿಸ್ತೇನೆ ಮಾಸ್ಟ್ರೇ. ಇದು ಹೋಟೆಲು!"

೨. ಮನೆಯ ಕೆ

"ನೈಫ್ ಬರೆಯುವಾಗ ಕೆ ಎಲ್ಲರಿಗಿಂತ ಮುಂದೆ ಉಂಟು, ಆದರೂ ಬಾಯಿ ಬಿಡುವುದಿಲ್ಲ" ಎಂದು ಹೆಂಡತಿಗೆ ವಿವರಿಸಿದೆ.

"ಗೊತ್ತಾಯ್ತು. ಅತ್ತೆ ನನಗೆ ಬೈಯುವಾಗ ನೀವು ಇರ್ತೀರಲ್ಲ, ಹಾಗೆ."

ಅಮ್ಮ ಒಳಗೇ ಇದ್ದರು. ಆಗಲೂ ನಾನು ಬಾಯಿ ಬಿಡಲಿಲ್ಲ.

೩. ಪಾಮರ್

ಇದನ್ನು ನೆನೆದರೆ ಮೊದಲು ನಗು ಬರುತ್ತದೆ, ಆಮೇಲೆ ನನ್ನ ಮೇಲೇ ಸಿಟ್ಟು.

ಶಕ್ತಿನಗರದ ತರುಣನೊಬ್ಬ ಕ್ಲಾಸಿಗೆ ಬರುತ್ತಿದ್ದ. ಅವನ ಅಪ್ಪ ತೆಂಗಿನಮರದಿಂದ ಬಿದ್ದು ಸೊಂಟ ಮುರಿದುಕೊಂಡಿದ್ದರು. "ಸತ್ತರೂ ನಾನು ಮರ ಹತ್ತುವುದಿಲ್ಲ ಮಾಸ್ಟ್ರೇ" ಎಂದು ಹಟ ಹಿಡಿದು ಅವನು ನಲ್ಲಿ, ಪೈಪಿನ ಕೆಲಸ ಕಲಿತಿದ್ದ. ಗಲ್ಫಿನ ಇಂಟರ್‌ವ್ಯೂಗೆ ಹೊರಟಾಗ "ಪ್ಲಂಬರ್" ಎಂದ. ನಾನು ಬಿಡಬೇಕಲ್ಲ!

"ಬಿ ಸೈಲೆಂಟ್ ಮಾರಾಯ. ಪ್ಲಮರ್ ಅನ್ನು" ಎಂದು ಇಡೀ ಸಂಜೆ ಬಾಯಿಪಾಠ ಮಾಡಿಸಿದೆ. ಆಯ್ಕೆಯಾಯಿತು, ಹೋದ. ಎರಡು ತಿಂಗಳ ಮೇಲೆ ಕಾಗದ ಬಂತು.

"ಮಾಸ್ಟ್ರೇ, ಇಂಟರ್‌ವ್ಯೂನಲ್ಲಿ ನಾನು ಪ್ಲಮರ್ ಅಂದೆ. ಅವರು 'ಪಾಮರ್?' ಅಂತ ಕೇಳಿದರು. ಅಂಗೈಗೆ ಪಾಮ್ ಅನ್ನುವಾಗ ಎಲ್ ಸೈಲೆಂಟ್ ಅಂತ ನೀವೇ ಕಲಿಸಿದ್ದಲ್ಲವಾ? ಇದರಲ್ಲೂ ಹಾಗೇ ಇರಬೇಕು ಅಂತ ಯೆಸ್ ಸರ್ ಅಂದೆ. ಪಾಮ್ ಅಂದರೆ ಖರ್ಜೂರದ ಮರವೂ ಹೌದಂತೆ. ಈಗ ದಿನಾ ಹತ್ತುತ್ತಾ ಇದ್ದೇನೆ. ಎರಡು ವರ್ಷದ ಕರಾರು, ಬಿಡುವ ಹಾಗಿಲ್ಲ. ಅಪ್ಪನಿಗೆ ಹೇಳಬೇಡಿ."

ಅವನ ಬಾಯಿಗೆ ಬಂದ ಬಿ ಅವನಿಗೇ ಇರಲೆಂದು ಬಿಟ್ಟಿದ್ದರೆ ಸಾಕಿತ್ತು. ಪಾಮರ ಅವನಲ್ಲ, ನಾನು.

ಆ ವಾರವೇ ಅವನ ಅಪ್ಪ ಕೋಲೂರಿಕೊಂಡು ಮೆಟ್ಟಿಲು ಹತ್ತಿ ಬಂದರು. "ಮಗ ಹೇಗಿದ್ದಾನಂತೆ ಮಾಸ್ಟ್ರೇ?"

"ಮೇಲಕ್ಕೇರಿದ್ದಾನೆ" ಎಂದೆ.

"ಎಲ್ಲ ನಿಮ್ಮ ಇಂಗ್ಲಿಷಿನಿಂದ! ಮರ ಹತ್ತುವುದೊಂದು ತಪ್ಪಿತಲ್ಲ, ಅಷ್ಟು ಸಾಕು" ಎಂದು ಅವರು ಕೈಮುಗಿದರು.

ಪ್ಲಂಬರಿನ ಬಿಯ ಹಾಗೆ ನಾನು ಅಲ್ಲೇ ಕೂತಿದ್ದೆ, ಸೈಲೆಂಟಾಗಿ.